ಲಾಭ ಏನು ಭಾವ?

ಈ ವಾರ ಮುಳಬಾಗಿಲಿನ ಮದುವೆಯೊಂದರಲ್ಲಿ ಊಟ ರುಚಿಸಲಿಲ್ಲ. ತಪ್ಪು ಅಡುಗೆಯವರದಲ್ಲ. ಪಕ್ಕದ ಎಲೆಗೆ ಕೂತಿದ್ದವರು ಜಲ್ಲಿ ಕ್ರಷರ್ ಇಟ್ಟುಕೊಂಡಿರುವ ದೂರದ ಸಂಬಂಧಿ, ವರಸೆಯಲ್ಲಿ ಭಾವ. ಹನುಮನಹಳ್ಳಿಯ ಮಾತು ತೆಗೆದರು. “ಅಲ್ಲ ಭಾವ, ಒಂದಿಡಿ ಕಣ್ಕಪ್ಪಡಿಗೋಸ್ಕರ ಅಷ್ಟು ಬಂಡೆ ಸುಮ್ನೆ ಬಿಟ್ಟವ್ರಲ್ಲ, ಅದ್ರಿಂದ ಯಾರಿಗೇನು ಲಾಭ?”

ಕತೆ ನಮ್ಮ ಕಡೆಯವರಿಗೆ ಗೊತ್ತಿರುವುದೇ. 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕೋಲಾರದ ಎಲೆಮೂಗಿನ ಬಾವಲಿ ತೇರಹಳ್ಳಿ ಬೆಟ್ಟದಿಂದ ಆಗಲೇ ಮಾಯ. ಈಗ ಇಡೀ ಜಗತ್ತಿನಲ್ಲಿ ಅದಕ್ಕಿರುವ ಮನೆ ಹನುಮನಹಳ್ಳಿಯ ಒಂದೇ ಗುಹೆ. ಸಂಖ್ಯೆ ಇನ್ನೂರರ ಒಳಗೆ. ಸುತ್ತ ಗ್ರಾನೈಟ್‌ಗಾಗಿ ಬಂಡೆ ಸೀಳುತ್ತಿದ್ದರು. ಸರ್ಕಾರ 30 ಎಕರೆಗೆ ರಕ್ಷಣೆ ಕೊಟ್ಟಿದೆ. ಭಾವನ ಸಂಕಟ ಅದು.

ಲಾಭ ಅಂದರೆ ನನಗೆ ನೀಲಗಿರಿ ನೆನಪಾಗುತ್ತದೆ. ಮತ್ತೆ ಅದೇ ರಾಗ ಅನ್ನುವವರು ಪುಟ ತಿರುಗಿಸಿ. 80ರ ದಶಕ, ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯದ ಕಾಲ. ಮಾಲೂರಿನ ನಮ್ಮ ಹೊಲದಲ್ಲಿ ಅಪ್ಪ ರಾಗಿ ಬಿಟ್ಟು ನೀಲಗಿರಿ ಹಾಕಿದರು. ಉಳುವ ಗೋಜಿಲ್ಲ, ಕಳೆ ಕೀಳುವ ಕೂಲಿಯಿಲ್ಲ, ಕೆಲವು ವರ್ಷಕ್ಕೊಮ್ಮೆ ಲಾರಿ ಬಂದು ಕಡಿದುಕೊಂಡು ಹೋಗುತ್ತಿತ್ತು. ಲೆಕ್ಕದಲ್ಲಿ ಬರೀ ಜಮೆ. ಖರ್ಚಿನ ಕಡೆ ಅಪ್ಪ ಬರೆಯದೆ ಬಿಟ್ಟದ್ದು: ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು, ಆ ಹಳದಿ ಹೂವಿಗೆ ಬರುತ್ತಿದ್ದ ಜೇನು, ಕಳೆಗೆ ಬರುತ್ತಿದ್ದ ಹೆಂಗಸರ ಕೂಲಿ, ಕೊನೆಗೆ ಬಾವಿಯ ನೀರು.

2017ರಲ್ಲಿ ನೀಲಗಿರಿ ನೆಡಬೇಡಿ ಎಂದು ಸರ್ಕಾರವೇ ಹೇಳಿತು. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. 2018ರಿಂದ ಸಾವಿರ ಕೋಟಿಗೂ ಮೀರಿದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸೋಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ನೀಲಗಿರಿಯೊಂದೇ ಕಾರಣವಲ್ಲ, ಬಲ್ಲೆ. ಆದರೆ ಅಪ್ಪನ ಲಾಭದ ಬಾಕಿಯೂ ಆ ಬಿಲ್ಲಿನಲ್ಲಿದೆ. ಕಟ್ಟುತ್ತಿರುವುದು ನಾವು ನೀವು.

ಗುಂಡುತೋಪು ಬೆಳೆಸಿದ ಹಿರಿಯರು ‘ಯಾರಿಗೇನು ಲಾಭ’ ಎಂದು ಕೇಳಿಕೊಂಡಿದ್ದರೆ ಊರಾಚೆ ಒಂದು ಹುಣಸೆಯೂ ಇರುತ್ತಿರಲಿಲ್ಲ. ನಮ್ಮ ಲೆಕ್ಕವೇ ಬೇರೆ. ಬಂಡೆ ಲಾರಿ ಏರಿದರೆ ಆದಾಯ, ಬೆಟ್ಟವಾಗಿ ನಿಂತರೆ ದಂಡ. ಕಂದಾಯದವರು ಅಂಥ ನೆಲವನ್ನು ಪಹಣಿಯಲ್ಲಿ ‘ಖರಾಬು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಶ್ರೀನಿವಾಸಪುರದ ಮಾವಿಗೂ ಕೋಲಾರದ ಟೊಮೆಟೊಗೂ ಔಷಧಿ ಹೊಡೆದು ಅಂಗಡಿಯಲ್ಲಿ ಸಾಲ ಬರೆಸುವ ನಾವು, ರಾತ್ರಿಯಿಡೀ ಪುಕ್ಕಟೆ ಹುಳ ಹಿಡಿಯುವ ಜೀವದ ಲಾಭ ಕೇಳುತ್ತೇವೆ ಎಂದು ಉತ್ತರಿಸಬಹುದಿತ್ತು. ಆಡಲಿಲ್ಲ. ಆಡಿದ್ದರೆ ನಾನೂ ಭಾವನ ತಕ್ಕಡಿಗೇ ಬಾವಲಿಯನ್ನು ಇಟ್ಟಂತಾಗುತ್ತಿತ್ತು. ಬದುಕಿರುವುದಕ್ಕೆ ಅದು ನಮಗೆ ಲೆಕ್ಕ ಒಪ್ಪಿಸಬೇಕೆ?

ಭಾವ ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಪಹಣಿಯಲ್ಲಿ ಖರಾಬಿನ ಕಾಲಂ ಇರುವುದು ಜಮೀನಿಗೆ ಮಾತ್ರ. ಮನುಷ್ಯರಿಗೆ ಇಲ್ಲದ್ದು ಅವರ ಅದೃಷ್ಟ.