ಕಂಪ್ಯೂಟರಿಗೊಂದು ಕಣ್ಣು

ಕಾಲೇಜು ಪ್ರಯೋಗಾಲಯದ ಒಂದು ಗುಟ್ಟು ವಿದ್ಯಾರ್ಥಿಗಳಿಗೂ ಗೊತ್ತು, ಮೇಷ್ಟರಿಗೂ ಗೊತ್ತು. ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರಬೇಕು. ಬರದಿದ್ದರೆ? ಮೊದಲು 9.8 ಎಂದು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಅದಕ್ಕೆ ತಕ್ಕ ರೀಡಿಂಗುಗಳನ್ನು ಹುಟ್ಟಿಸುವುದು! ರೆಕಾರ್ಡು ಪುಸ್ತಕ ಅಂದವಾಗಿರುತ್ತದೆ, ಸಹಿಯೂ ಬೀಳುತ್ತದೆ. ಆದರೆ ಆ ಹುಡುಗ ಅಥವಾ ಹುಡುಗಿ ಅಂದು ಪ್ರಕೃತಿಯನ್ನು ಕೇಳಿ ತಿಳಿದದ್ದು ಏನೂ ಇಲ್ಲ.

ಮಕ್ಕಳನ್ನು ಮಾತ್ರ ದೂರಿ ಫಲವಿಲ್ಲ. ನಿಲ್ಲುವ ಗಡಿಯಾರ ಹಳತು, ಗ್ಯಾಲ್ವನೋಮೀಟರಿನ ಮುಳ್ಳು ಅಂಟಿಕೊಂಡಿದೆ, ಒಂದು ಮೇಜಿಗೆ ಎಂಟು ಜನ. ಇಂಥ ಕಡೆ ಒಂದು ಪುಟ್ಟ ಪೆಟ್ಟಿಗೆ ಬಹಳ ಕೆಲಸ ಮಾಡಬಲ್ಲದು. ಅದರ ಹೆಸರು ಯುಎಸ್‌ಬಿ ಡೇಟಾ ಅಕ್ವಿಸಿಷನ್ ಮಾಡ್ಯೂಲ್. ಕನ್ನಡದಲ್ಲಿ ದತ್ತಾಂಶ ಸಂಗ್ರಾಹಕ ಎನ್ನೋಣ. ಇದನ್ನು ಹೇಗೆ ಜೋಡಿಸಬೇಕು, ಹೇಗೆ ಬಳಸಬೇಕು, ಇದು ಕೊಡುವ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ಈ ವಾರದ ವಿಷಯ.

ಏನಿದು ಪೆಟ್ಟಿಗೆ?

ಕಂಪ್ಯೂಟರಿಗೆ ಅಂಕಿಗಳು ಮಾತ್ರ ಅರ್ಥವಾಗುತ್ತವೆ. ಬಿಸಿ, ಬೆಳಕು, ಶಬ್ದ, ಕಾಂತತ್ವ ಇವುಗಳನ್ನು ಅದು ನೇರವಾಗಿ ಅರಿಯಲಾರದು. ಆದ್ದರಿಂದ ಮೊದಲು ಒಂದು ಸಂವೇದಕ ಆ ಬದಲಾವಣೆಯನ್ನು ವೋಲ್ಟೇಜಿನ ರೂಪಕ್ಕೆ ತರಬೇಕು. ಮೈಕ್ರೊಫೋನು ಶಬ್ದವನ್ನು, ಥರ್ಮಿಸ್ಟರು ಉಷ್ಣತೆಯನ್ನು, ತಂತಿಯ ಸುರುಳಿ ಕಾಂತಕ್ಷೇತ್ರದ ಏರಿಳಿತವನ್ನು ಹೀಗೆ ತಿಳಿಸುತ್ತವೆ. ನಮ್ಮ ಪೆಟ್ಟಿಗೆ ಆ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿಸಿ, ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಕಂಪ್ಯೂಟರು ಅದನ್ನು ಪರದೆಯ ಮೇಲೆ ನಕ್ಷೆಯಾಗಿ ಬರೆಯುತ್ತದೆ.

ಇಂಥ ಪೆಟ್ಟಿಗೆಗಳು ಹಲವು ಇವೆ. ನಮ್ಮ ದೇಶದಲ್ಲೇ, ವಿದ್ಯಾರ್ಥಿಗಳಿಗಾಗಿಯೇ ತಯಾರಾದ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ಪರಮಾಣು ಬೀಜದ ಸಂಶೋಧನೆಗೆ ಹೆಸರಾದ ಸಂಸ್ಥೆ. ಅಲ್ಲಿ 2004ರಲ್ಲಿ 'ಫೀನಿಕ್ಸ್' ಎಂಬ ಯೋಜನೆ ಆರಂಭವಾಯಿತು. ಕಡಿಮೆ ಖರ್ಚಿನಲ್ಲಿ ನಿಜವಾದ ಪ್ರಯೋಗ ಮಾಡಲು ಬೇಕಾದ ಉಪಕರಣ ಒದಗಿಸುವುದು ಅದರ ಉದ್ದೇಶ. ಅದರಿಂದ ಹುಟ್ಟಿದ್ದು 'ಎಕ್ಸ್‌ಪೈಸ್'. ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಕಣ್ಣುಗಳಿವೆ. ಹೆಸರು ಒಪ್ಪುವಂತೆಯೇ ಇದೆ. ಇದರ ವಿನ್ಯಾಸವನ್ನೂ ತಂತ್ರಾಂಶವನ್ನೂ ಮುಚ್ಚಿಟ್ಟಿಲ್ಲ. ತಂತ್ರಾಂಶ ಉಚಿತ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಕುತೂಹಲವಿದ್ದವರು ಅದನ್ನು ಬಿಚ್ಚಿ ಓದಬಹುದು, ತಿದ್ದಲೂ ಬಹುದು.

ಇದರ 'ಎಕ್ಸ್‌ಪೈಸ್-17' ಎಂಬ ಮಾದರಿಯಲ್ಲಿ ಎ1, ಎ2 ಎಂಬ ಎರಡು ತುದಿಗಳು ಋಣ 16ರಿಂದ ಧನ 16 ವೋಲ್ಟ್‌ವರೆಗೆ ಅಳೆಯುತ್ತವೆ. ಎ3 ಎಂಬುದು ಸಣ್ಣ ವೋಲ್ಟೇಜುಗಳಿಗೆ. ಪಿವಿ1 ಎಂಬ ತುದಿ ನೀವು ಕೇಳಿದಷ್ಟು ವೋಲ್ಟೇಜನ್ನು, ಋಣ 5ರಿಂದ ಧನ 5ರವರೆಗೆ, ಹೊರಗೆ ಕೊಡುತ್ತದೆ. ಇಡೀ ಪೆಟ್ಟಿಗೆಗೆ ಬೇಕಾದ ವಿದ್ಯುತ್ತು ಯುಎಸ್‌ಬಿ ತಂತಿಯ 5 ವೋಲ್ಟಿನಿಂದಲೇ ಸಿಗುತ್ತದೆ. ಬೇರೆ ಅಡಾಪ್ಟರು ಬೇಡ.

ಜೋಡಿಸುವ ಕ್ರಮ

ಮೊದಲು ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ, ಅನಂತರ ಪೆಟ್ಟಿಗೆಯನ್ನು ಸಿಕ್ಕಿಸಿ. 'ಸಾಧನ ಸಿಗಲಿಲ್ಲ' ಎಂಬ ಸೂಚನೆ ಬಂದರೆ ಗಾಬರಿ ಬೇಡ. ತಂತಿ ಬದಲಿಸಿ ನೋಡಿ. ಫೋನಿನ ಕೆಲವು ತಂತಿಗಳು ಚಾರ್ಜಿಗೆ ಮಾತ್ರ, ಅವುಗಳಲ್ಲಿ ದತ್ತಾಂಶ ಸಾಗುವ ಎಳೆಗಳೇ ಇರುವುದಿಲ್ಲ. ಬೇರೆ ಯುಎಸ್‌ಬಿ ಕಿಂಡಿಯಲ್ಲೂ ನೋಡಿ. ಲಿನಕ್ಸ್ ಇದ್ದರೆ ಆ ಸಾಧನ ಬಳಸಲು ನಿಮಗೆ ಅನುಮತಿ ಇದೆಯೇ ಎಂದು ನೋಡಬೇಕು. ವಿಂಡೋಸ್ ಇದ್ದರೆ ಡ್ರೈವರ್ ಕುಳಿತಿದೆಯೇ ಎಂದು ನೋಡಬೇಕು. ತೊಂದರೆ ಸಾಮಾನ್ಯವಾಗಿ ಇಷ್ಟರೊಳಗೇ ಸಿಗುತ್ತದೆ.

ಸಂಪರ್ಕ ಸಿಕ್ಕಿದೊಡನೆ ಪ್ರಯೋಗಕ್ಕೆ ನುಗ್ಗಬೇಡಿ. ಮೂರು ಪರೀಕ್ಷೆ ಮಾಡಿ. ಒಂದು, ಎ1 ತುದಿಯನ್ನು ಒಂದು ತುಂಡು ತಂತಿಯಿಂದ ನೆಲಕ್ಕೆ, ಅಂದರೆ ಗ್ರೌಂಡ್ ಎಂದು ಬರೆದಿರುವ ತುದಿಗೆ, ಸೇರಿಸಿ. ಸೊನ್ನೆ ತೋರಿಸಬೇಕು. ಎರಡು, ಪಿವಿ1ನ್ನು ಎ1ಗೆ ಸೇರಿಸಿ 3 ವೋಲ್ಟ್ ಕೇಳಿ. 3ರ ಹತ್ತಿರ ಬರಬೇಕು. ಮೂರು, ಗೋಡೆ ಗಡಿಯಾರದ ಒಂದು ಶೆಲ್ಲನ್ನು ಎ1ಗೂ ನೆಲಕ್ಕೂ ನಡುವೆ ಹಿಡಿಯಿರಿ. ಅದೇ ಶೆಲ್ಲನ್ನು ಮಲ್ಟಿಮೀಟರಿನಲ್ಲೂ ಅಳೆಯಿರಿ. ಎರಡೂ ಹೊಂದಿದರೆ ಪೆಟ್ಟಿಗೆಯ ಮಾತನ್ನು ಕೇಳಲು ಶುರು ಮಾಡಬಹುದು.

ಮೂರು ಪ್ರಶ್ನೆಗಳು

ಪರದೆಯ ಮೇಲೆ ಅಂದವಾದ ನಕ್ಷೆ ಮೂಡಿದೊಡನೆ ಅದು ಸತ್ಯವೆಂದು ನಂಬುವುದು ಮನುಷ್ಯಸ್ವಭಾವ. ಕೈಬರಹಕ್ಕಿಂತ ಅಚ್ಚಾದದ್ದನ್ನು ನಾವು ಬೇಗ ನಂಬುವುದಿಲ್ಲವೇ, ಹಾಗೆ. ಅದಕ್ಕೇ ಪ್ರತಿ ನಕ್ಷೆಗೂ ಮೂರು ಪ್ರಶ್ನೆ ಹಾಕಬೇಕು.

ಮೊದಲ ಪ್ರಶ್ನೆ: ಎಲ್ಲಿಂದ ಅಳೆದದ್ದು? ತೆಂಗಿನ ಮರದ ಎತ್ತರ ಹೇಳುವಾಗ ಬುಡದ ನೆಲದಿಂದ ಎಂಬುದು ಒಪ್ಪಿತ ಮಾತು. ವೋಲ್ಟೇಜೂ ಹಾಗೆಯೇ, ಎರಡು ಬಿಂದುಗಳ ನಡುವಿನ ವ್ಯತ್ಯಾಸ ಅದು. ನಿಮ್ಮ ಮಂಡಲದ ಒಂದು ತುದಿ ಪೆಟ್ಟಿಗೆಯ ನೆಲಕ್ಕೆ ಸೇರಿರಲೇಬೇಕು. ಸೇರದಿದ್ದರೆ ಪೆಟ್ಟಿಗೆ ಸುಮ್ಮನಿರುವುದಿಲ್ಲ, ಏನಾದರೊಂದು ಅಂಕಿ ತೋರಿಸುತ್ತಲೇ ಇರುತ್ತದೆ. ಪರೀಕ್ಷಿಸಬೇಕೇ? ಎ1ಗೆ ಮೊಳದುದ್ದದ ತಂತಿ ಸಿಕ್ಕಿಸಿ ಇನ್ನೊಂದು ತುದಿಯನ್ನು ಖಾಲಿ ಬಿಡಿ. ಸುತ್ತ ಗೋಡೆಗಳಲ್ಲಿ ಹರಿಯುವ ಮನೆಯ ವಿದ್ಯುತ್ತಿನ ಪ್ರಭಾವದಿಂದ 20 ಮಿಲಿಸೆಕೆಂಡಿಗೊಮ್ಮೆ ಏರಿಳಿಯುವ ಅಲೆ ಸಾಮಾನ್ಯವಾಗಿ ಕಾಣುತ್ತದೆ. ಸೆಕೆಂಡಿಗೆ 50 ಅಲೆ. ನಮ್ಮ ವಿದ್ಯುತ್ ಜಾಲದ ಆವೃತ್ತಿ. ಯಾವುದಕ್ಕೂ ಸೇರದ ತಂತಿಯೂ ಸೊನ್ನೆ ಹೇಳುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯ ಪ್ರಶ್ನೆ: ಎಷ್ಟು ಸೂಕ್ಷ್ಮ? ಈ ಪೆಟ್ಟಿಗೆಯದು 12 ಬಿಟ್ ಅಳತೆ. ಅಂದರೆ ಪೂರ್ಣ ವ್ಯಾಪ್ತಿಯನ್ನು 4096 ಮೆಟ್ಟಿಲುಗಳಾಗಿ ಹಂಚುತ್ತದೆ. ಋಣ 16ರಿಂದ ಧನ 16ರವರೆಗೆ 32 ವೋಲ್ಟ್. 4096ರಿಂದ ಭಾಗಿಸಿದರೆ ಒಂದು ಮೆಟ್ಟಿಲು ಸುಮಾರು 7.8 ಮಿಲಿವೋಲ್ಟ್. ಅದಕ್ಕಿಂತ ಚಿಕ್ಕ ಏರಿಳಿತ ಅದಕ್ಕೆ ಕಾಣದು. ಸೌದೆ ಡಿಪೋದ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದಂತೆ! ವ್ಯಾಪ್ತಿಯನ್ನು ಅರ್ಧ ವೋಲ್ಟಿಗೆ ಇಳಿಸಿದರೆ ಮೆಟ್ಟಿಲು ಸುಮಾರು 0.24 ಮಿಲಿವೋಲ್ಟಿಗೆ ಇಳಿಯುತ್ತದೆ. ಹಾಗೆಂದು ಅಕ್ಕಸಾಲಿಗನ ತಕ್ಕಡಿಗೆ ಸೌದೆ ಹೇರಲಾಗದು. ಅರ್ಧ ವೋಲ್ಟಿನ ವ್ಯಾಪ್ತಿಯಲ್ಲಿ 2 ವೋಲ್ಟ್ ಬಂದರೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಆ ಚಪ್ಪಟೆತನ ಪ್ರಕೃತಿಯದಲ್ಲ, ನೀವು ಆರಿಸಿದ ವ್ಯಾಪ್ತಿಯದು.

ಮೂರನೆಯ ಪ್ರಶ್ನೆ: ಎಷ್ಟು ಸಲ ನೋಡಿದ್ದು? ಪೆಟ್ಟಿಗೆ ಎಡೆಬಿಡದೆ ನೋಡುತ್ತಿರುವುದಿಲ್ಲ. ಕಣ್ಣು ಮಿಟುಕಿಸಿದಂತೆ ಆಗಾಗ ನೋಡುತ್ತದೆ. ವರ್ಷಕ್ಕೊಮ್ಮೆ ಯುಗಾದಿಯ ದಿನವೇ ಬರುವ ನೆಂಟರು ನಿಮ್ಮ ಮನೆಯಲ್ಲಿ ದಿನವೂ ಒಬ್ಬಟ್ಟು ಎಂದುಕೊಂಡರೆ ತಪ್ಪು ಅವರದಲ್ಲ, ಅವರು ಬಂದ ಲೆಕ್ಕದ್ದು. ಸೆಕೆಂಡಿಗೆ 50 ಸಲ ಏರಿಳಿಯುವ ಅಲೆಯನ್ನು ಸರಿಯಾಗಿ 50 ಸಲವೇ ನೋಡಿದರೆ ಪ್ರತಿ ಸಲವೂ ಅಲೆಯ ಅದೇ ಜಾಗ ಸಿಗುತ್ತದೆ. ನಕ್ಷೆಯಲ್ಲಿ ನೆಟ್ಟನೆಯ ಗೆರೆ! ಅಲೆಯೇ ಇಲ್ಲವೆಂದು ಬರೆದುಬಿಡುತ್ತೀರಿ. ಅಲೆಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ನೋಡಲೇಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನಗಳು ಈ ನಿಯಮದ ಬುನಾದಿ. ನಕ್ಷೆಯ ಆಕಾರ ಚೆನ್ನಾಗಿ ಕಾಣಬೇಕಾದರೆ ಹತ್ತು ಪಟ್ಟು, ಇಪ್ಪತ್ತು ಪಟ್ಟು ಇಟ್ಟುಕೊಳ್ಳುವುದು ಲೇಸು.

ಬೀಳುವ ಕಾಂತ

ಈಗ ಒಂದು ಪ್ರಯೋಗ. ಸುರುಳಿಯೊಳಗೆ ಕಾಂತವನ್ನು ಆಡಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಪಠ್ಯಪುಸ್ತಕದಲ್ಲಿ ಚಿತ್ರವಿದೆ. ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ಅತ್ತ, ಒಮ್ಮೆ ಇತ್ತ ತೂಗುವುದನ್ನು ನೋಡಿದವರೂ ಇದ್ದೀರಿ. ಅಷ್ಟಕ್ಕೇ ಕಥೆ ಮುಗಿಯುತ್ತದೆ, ಏಕೆಂದರೆ ಅದಕ್ಕಿಂತ ಬೇಗ ಮುಳ್ಳು ಓಡಲಾರದು.

ತೆಳು ತಂತಿಯ ಸಾವಿರಾರು ಸುತ್ತಿನ ಒಂದು ಸುರುಳಿಯ ಎರಡು ತುದಿಗಳನ್ನು ಎ1ಗೂ ನೆಲಕ್ಕೂ ಸೇರಿಸಿ. ದಪ್ಪ ಕಾಗದ ಸುತ್ತಿ ಕೊಳವೆ ಮಾಡಿ ಸುರುಳಿಯ ನಡುವೆ ನಿಲ್ಲಿಸಿ. ತಾಮ್ರ ಅಥವಾ ಅಲ್ಯೂಮಿನಿಯಮ್ಮಿನ ಕೊಳವೆ ಬೇಡ. ಅದರಲ್ಲೇ ಹುಟ್ಟುವ ಸುಳಿ ವಿದ್ಯುತ್ತು ಕಾಂತವನ್ನು ತಡೆಯುತ್ತದೆ. ಕೆಳಗೆ ಮಡಿಸಿದ ಬಟ್ಟೆ ಇಡಿ, ಬಲವಾದ ಸಣ್ಣ ಕಾಂತಗಳು ಗಾಜಿನಂತೆ ಒಡೆಯುತ್ತವೆ. 4 ವೋಲ್ಟಿನ ವ್ಯಾಪ್ತಿ ಆರಿಸಿ. ಸುಮಾರು 20 ಸೆಂಟಿಮೀಟರ್ ಮೇಲಿನಿಂದ ಕಾಂತವನ್ನು ಬಿಟ್ಟರೆ ಸುರುಳಿ ತಲುಪುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಇಡೀ ಘಟನೆ ಸೆಕೆಂಡಿನ ಕೆಲವು ನೂರನೆಯ ಭಾಗಗಳಲ್ಲಿ ಮುಗಿಯುತ್ತದೆ. ಆದ್ದರಿಂದ 100 ಮೈಕ್ರೊಸೆಕೆಂಡಿಗೊಮ್ಮೆ 1000 ಅಳತೆ ತೆಗೆದುಕೊಂಡರೆ ಸಿಗುವುದು 100 ಮಿಲಿಸೆಕೆಂಡಿನ ಕಿಂಡಿ. ಕಾಂತ ಅದರೊಳಗೇ ಹಾದುಹೋಗಬೇಕು. ಕೈಯಿಂದ ಹೊಂದಿಸುವುದು ಕಷ್ಟ. ಸಂಕೇತ ಬರುವವರೆಗೂ ಕಾದು ಹಿಡಿಯುವ ಏರ್ಪಾಡು ಎಕ್ಸ್‌ಪೈಸ್ ತಂತ್ರಾಂಶದ ವಿದ್ಯುತ್ಕಾಂತೀಯ ಪ್ರೇರಣೆಯ ಪುಟದಲ್ಲಿದೆ.

ಪರದೆಯಲ್ಲಿ ಎರಡು ಶಿಖರ ಕಾಣುತ್ತವೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಕಾಂತ ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಇನ್ನೊಂದು. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಆದರೆ ಗಮನವಿಟ್ಟು ನೋಡಿ: ಎರಡನೆಯ ಶಿಖರ ಮೊದಲನೆಯದಕ್ಕಿಂತ ಎತ್ತರ, ಮತ್ತು ಕಿರಿದು. ಯಾಕೆ? ಕಾಂತ ಬೀಳುತ್ತಲೇ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಹೊರಹೋಗುವಾಗ ವೇಗ ಹೆಚ್ಚು, ಆದ್ದರಿಂದ ವೋಲ್ಟೇಜು ಹೆಚ್ಚು, ಸಮಯ ಕಡಿಮೆ. ಈಗ ನಕ್ಷೆಯನ್ನು ಚೌಕದ ಹಾಳೆಯ ಮೇಲೆ ಬರೆದು ಎರಡೂ ಶಿಖರಗಳೊಳಗಿನ ಚೌಕಗಳನ್ನು ಎಣಿಸಿ. ಎರಡರ ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ! ಕಾಂತ ದೂರವಿದ್ದಾಗ ಸುರುಳಿಯಲ್ಲಿ ಕಾಂತೀಯ ಫ್ಲಕ್ಸ್ ಸೊನ್ನೆ, ದಾಟಿ ದೂರ ಹೋದಮೇಲೂ ಸೊನ್ನೆ. ಒಳಬಂದಷ್ಟೇ ಹೊರಹೋಗಬೇಕಲ್ಲವೇ? ಗುರುತ್ವ, ಫ್ಯಾರಡೆಯ ನಿಯಮ ಎರಡೂ ಒಂದೇ ನಕ್ಷೆಯಲ್ಲಿ ಕೈಹಿಡಿದು ನಿಂತಿವೆ. ಹೀಗೆ ಬರುವ ನಕ್ಷೆಯನ್ನು ಹಿಂದಿನ ಬೆಂಚಿನಿಂದ ನಕಲು ಮಾಡಬೇಕೆಂದು ಯಾರಿಗೂ ಅನಿಸುವುದಿಲ್ಲ.

ಹತ್ತು ಸಲ ಬಿಟ್ಟರೆ ಹತ್ತು ಸಲವೂ ಶಿಖರ ಒಂದಿಷ್ಟು ಬೇರೆ. ಬೇರೆಯಾಗಿಯೇ ಬರೆಯಿರಿ. ಕಾಂತ ಓರೆಯಾಗಿ ಬಿತ್ತೋ, ಎತ್ತರ ತುಸು ಬದಲಾಯಿತೋ ಹುಡುಕಿ. ಹತ್ತರಲ್ಲಿ ಹತ್ತೂ ಒಂದೇ ಅಂಕಿ ಬರೆದ ರೆಕಾರ್ಡಿಗಿಂತ, 'ಏಳನೆಯ ಸಲ ಹೆಚ್ಚು ಬಂದಿದೆ, ಕಾರಣ ತಿಳಿಯಲಿಲ್ಲ' ಎಂದು ಬರೆದ ರೆಕಾರ್ಡಿಗೆ ಹೆಚ್ಚು ಅಂಕ ಕೊಡಬೇಕು. ಈ ಮಾತು ನನ್ನ ಸಹೋದ್ಯೋಗಿ ಮಿತ್ರರಿಗೂ ಸೇರಿದ್ದು. ಸಿಕ್ಕ ದತ್ತಾಂಶವನ್ನು ಫೈಲಿನಲ್ಲಿ ಉಳಿಸುವಾಗ ತಾರೀಕು, ವ್ಯಾಪ್ತಿ, ಅಳತೆಯ ಅಂತರ, ಯಾವ ತುದಿಗೆ ಏನು ಸೇರಿತ್ತು ಎಂಬುದನ್ನೂ ಬರೆದಿಡಿ. ಇವಿಲ್ಲದ ಅಂಕಿಗಳು ವಿಳಾಸವಿಲ್ಲದ ಕಾಗದದಂತೆ.

ತಂದೆತಾಯಿಗಳಿಗೆ ಎರಡು ಮಾತು

ಮೊದಲನೆಯದು ಸುರಕ್ಷತೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಇಂಥ ಪೆಟ್ಟಿಗೆಗೆ ಎಂದೂ ಸೇರಿಸಬಾರದು. 230 ವೋಲ್ಟ್ ಎಂದು ಕರೆದರೂ ಆ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಪೆಟ್ಟಿಗೆಯ ನೆಲ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೇ ಸೇರಿರುವುದರಿಂದ ಅಪಾಯ ಪೆಟ್ಟಿಗೆಗೆ ಮಾತ್ರವಲ್ಲ, ಕಂಪ್ಯೂಟರಿಗೂ, ಮುಟ್ಟಿದ ಕೈಗೂ ಉಂಟು. ಶೆಲ್ಲು, ಸುರುಳಿ, ಸಂವೇದಕ ಇವುಗಳಿಗೆ ಮಾತ್ರ ಅದು ಮೀಸಲು ಎಂದು ಮಕ್ಕಳಿಗೆ ಬಿಡಿಸಿ ಹೇಳಿ.

ಎರಡನೆಯದು ಖರ್ಚು. ಪ್ರತಿ ಮನೆಗೂ ಒಂದು ಬೇಕಿಲ್ಲ. ಶಾಲೆ ಒಂದೆರಡು ಕೊಂಡರೆ ಸರದಿಯಲ್ಲಿ ಬಳಸಬಹುದು. ಮನೆಯಲ್ಲಿ ಈಗಾಗಲೇ ಆರ್ಡುಯಿನೊ ಊನೊ ಹಲಗೆ ಇದ್ದರೆ ಅದರಿಂದಲೂ ಕಲಿಯಬಹುದು. ಅದು 0ರಿಂದ 5 ವೋಲ್ಟ್‌ವರೆಗೆ ಮಾತ್ರ ಅಳೆಯುತ್ತದೆ, ಮೆಟ್ಟಿಲು 1024. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಬಿಸಿನೀರು ಆರುವ ವೇಗ, ದಿನವಿಡೀ ಬೆಳಕಿನ ಏರಿಳಿತ ಇಂಥವಕ್ಕೆ ಧಾರಾಳ ಸಾಕು. ಋಣ ವೋಲ್ಟೇಜು ಕೊಡಬಾರದು. ಹಾಗಾಗಿ ಬೀಳುವ ಕಾಂತದ ಪ್ರಯೋಗಕ್ಕೆ ಅದು ನೇರವಾಗಿ ಒದಗದು.

ಈ ವಾರದ ಕೆಲಸ

ಪೆಟ್ಟಿಗೆ ಇಲ್ಲದವರೂ ಇದನ್ನು ಮಾಡಬಹುದು. ಚೌಕದ ಹಾಳೆಯ ಮೇಲೆ ಸೆಕೆಂಡಿಗೆ 50ರ ಲೆಕ್ಕದಲ್ಲಿ, ಅಂದರೆ 20 ಮಿಲಿಸೆಕೆಂಡಿಗೆ ಒಂದರಂತೆ, ಐದು ಅಲೆ ಬರೆಯಿರಿ. ಸೊನ್ನೆಯಿಂದ ಶುರುಮಾಡಿ 25 ಮಿಲಿಸೆಕೆಂಡಿಗೊಂದು ಚುಕ್ಕೆ ಇಡಿ. ಸೆಕೆಂಡಿಗೆ 40 ಸಲ ನೋಡಿದಂತಾಯಿತು. ಈಗ ಚುಕ್ಕೆಗಳನ್ನು ಮಾತ್ರ ನುಣುಪಾಗಿ ಸೇರಿಸಿ. ಐದು ಅಲೆಯ ಜಾಗದಲ್ಲಿ ಒಂದೇ ಅಲೆ ಕಾಣುತ್ತದೆ, ಸೆಕೆಂಡಿಗೆ 10ರ ಲೆಕ್ಕ. ಚುಕ್ಕೆಗಳಲ್ಲಿ ಒಂದೂ ಸುಳ್ಳಲ್ಲ, ಎಲ್ಲವೂ ನಿಜವಾದ ಅಲೆಯ ಮೇಲೆಯೇ ಇವೆ. ಆದರೂ ಸೇರಿಸಿದ ಚಿತ್ರ ಸುಳ್ಳು. ಇನ್ನು 5 ಮಿಲಿಸೆಕೆಂಡಿಗೊಂದು ಚುಕ್ಕೆ ಇಟ್ಟು ನೋಡಿ, ಏನಾಗುತ್ತದೆಂದು ನಿಮ್ಮ ಮೇಷ್ಟರಿಗೆ ತೋರಿಸಿ.