ಗ್ರಂಥಾಲಯ ಕರವೂ ಗಣಕವಿದ್ಯೆಯೂ

ರಾಜಾಜಿನಗರದಲ್ಲಾಗಲಿ ವಿಜಯನಗರದಲ್ಲಾಗಲಿ ಸ್ವಂತ ಮನೆಯುಳ್ಳ ಗೃಹಸ್ಥನೊಬ್ಬನು ವರ್ಷಕ್ಕೆ 10,000 ರೂಪಾಯಿ ಆಸ್ತಿ ತೆರಿಗೆಯನ್ನು ಸಲ್ಲಿಸುವವನಾದರೆ, ಅದರ ಮೇಲೆ 600 ರೂಪಾಯಿಗಳನ್ನು ಗ್ರಂಥಾಲಯ ಕರವಾಗಿ ತೆರುತ್ತಾನೆ. ರೂಪಾಯಿಗೆ 6 ಪೈಸೆಯಂತೆ ಸಲ್ಲುವ ಈ ಹಣವು ಆರೋಗ್ಯ ಮತ್ತು ಭಿಕ್ಷುಕರ ಪರಿಹಾರದ ಕರಗಳೊಡನೆ ಕೂಡಿಕೊಂಡು ಬರುವುದರಿಂದ ಬಹುಮಂದಿ ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಮೇರೆಗೆ ಇದನ್ನು ವಸೂಲು ಮಾಡತಕ್ಕದ್ದು ನಗರಾಡಳಿತದ ಕೆಲಸ. ವಸೂಲಾದ ಹಣವು ಸೇರತಕ್ಕದ್ದು ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಡಾ. ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ ಶಾಸನದ ಆಧಾರವೂ ಮೀಸಲು ಆದಾಯವೂ ಇರಬೇಕೆಂದು ಜೀವಮಾನವೆಲ್ಲ ವಾದಿಸಿದ್ದರು. ಆ ವಾದಕ್ಕೆ ನಮ್ಮ ರಾಜ್ಯವು ಇತ್ತ ಮನ್ನಣೆಯೇ ಈ ಆರು ಪೈಸೆ.

ಆದರೆ ಶಾಸನದ ಮಾತು ಒಂದು, ನಡೆದ ರೀತಿ ಇನ್ನೊಂದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಪುರಜನರಿಂದ ಈ ಕರವನ್ನು ತಪ್ಪದೆ ವಸೂಲು ಮಾಡಿಕೊಂಡು, ಗ್ರಂಥಾಲಯ ಇಲಾಖೆಗೆ ಒಪ್ಪಿಸದೆ ಉಳಿಸಿಕೊಂಡ ಬಾಕಿಯು ನೂರಾರು ಕೋಟಿ ರೂಪಾಯಿಗಳಿಗೆ ಏರಿತ್ತು. 2025ರ ಸೆಪ್ಟೆಂಬರ್ ತಿಂಗಳಲ್ಲಿ ಆ ಪಾಲಿಕೆಯು ಹೋಗಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು; ಅವುಗಳಲ್ಲಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯೂ ಒಂದು. ಹಳೆಯ ಮನೆತನವು ಪಾಲಾದಾಗ ಆಸ್ತಿಯನ್ನು ಹಂಚಿಕೊಳ್ಳುವವರು ಋಣವನ್ನೂ ಹಂಚಿಕೊಳ್ಳಬೇಕೆಂಬುದು ಲೋಕರೂಢಿಯಾದ ನ್ಯಾಯ. ಕಟ್ಟಡಗಳೂ ತೆರಿಗೆಯ ಹಕ್ಕೂ ಹೊಸಬರಿಗೆ ಬಂದು, ಬಾಕಿಯ ಹೊಣೆ ಮಾತ್ರ ಯಾರಿಗೂ ಸೇರದೆ ಕಡತದಲ್ಲಿ ಉಳಿಯಬಾರದು.

ಇದು ಕೇವಲ ಪುಸ್ತಕ ಕೊಳ್ಳುವ ಹಣದ ಪ್ರಶ್ನೆಯೆಂದು ತಿಳಿಯುವುದು ಸಲ್ಲದು. ಹಂಪಿನಗರದಲ್ಲಿರುವ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯದಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತ ಕುಳಿತಿರುವ ಯುವಕ ಯುವತಿಯರು, ಅರ್ಜಿ ಹಾಕಬೇಕಾದರೂ ಪ್ರವೇಶಪತ್ರ ಪಡೆಯಬೇಕಾದರೂ ಗಣಕಯಂತ್ರವನ್ನೇ ಆಶ್ರಯಿಸಬೇಕು. ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ, ಪಹಣಿ, ಎಲ್ಲಕ್ಕೂ ಇಂದು ಅದೇ ಬಾಗಿಲು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಯಂತ್ರವಿಲ್ಲದ ಮಕ್ಕಳಿಗಾಗಿ ವಿದ್ಯಾಗಮ ಯೋಜನೆಯಡಿ ಉಪಾಧ್ಯಾಯರೇ ಕೇರಿಗಳಿಗೆ ಹೋಗಿ ಪಾಠ ಹೇಳಬೇಕಾಯಿತು. ಅದೇ ವರ್ಷ ಸರ್ಕಾರದವರು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿದ್ದು ಶ್ಲಾಘ್ಯವೇ ಸರಿ. ಆದರೆ ಕೈಯಲ್ಲಿ ಉಪಕರಣವಿಲ್ಲದವನಿಗೆ ಅದು ಕನ್ನಡಿಯೊಳಗಿನ ಗಂಟು. ಆ ಉಪಕರಣವು ದೊರಕಬೇಕಾದ ಸ್ಥಳವೇ ಬಡಾವಣೆಯ ಶಾಖಾ ಗ್ರಂಥಾಲಯ.

ಹಾಗಾದರೆ ಯಂತ್ರಗಳನ್ನು ಕೊಂಡರೆ ಕೆಲಸ ಮುಗಿಯಿತೇ? ಶಾಲೆಗಳ ಅನುಭವವು ಬೇರೆಯ ಪಾಠವನ್ನು ಹೇಳುತ್ತದೆ. 1997ರಲ್ಲಿಯೇ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ಕರ್ನಾಟಕವು, 2001ರ ಸುಮಾರಿಗೆ ಮಾಹಿತಿ ಸಿಂಧು ಎಂಬ ಯೋಜನೆಯ ಮೂಲಕ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ಒದಗಿಸಲು ಹೊರಟಿತು. ಯಂತ್ರವೂ ಬೋಧಕನೂ ಗುತ್ತಿಗೆಯ ಮೂಲಕ ಬಂದವು. ಗುತ್ತಿಗೆಯ ಅವಧಿ ತೀರಿದೊಡನೆ ಬೋಧಕನು ಹೊರಟುಹೋದನು, ಕೊಠಡಿಗೆ ಬೀಗ ಬಿದ್ದಿತು. ತರುವಾಯದ ಯೋಜನೆಗಳಲ್ಲಿಯೂ ಈ ದೋಷವು ನಿರ್ಮೂಲವಾಗಿಲ್ಲ. ಸಮಗ್ರ ಶಿಕ್ಷಾ ಯೋಜನೆಯ ನಿಯಮದಲ್ಲಿ ಒಂದು ಶಾಲೆಯ ಗಣಕ ಕೊಠಡಿಗೆ ಆರಂಭದಲ್ಲಿ 6.40 ಲಕ್ಷ ರೂಪಾಯಿಗಳವರೆಗೂ, ಆಮೇಲೆ 5 ವರ್ಷಗಳ ಕಾಲ ವರ್ಷಕ್ಕೆ 2.40 ಲಕ್ಷದವರೆಗೂ ಅವಕಾಶವಿತ್ತು. ಆರನೆಯ ವರ್ಷದ ಗತಿಯೇನು? ವಿದ್ಯುಚ್ಛಕ್ತಿಯ ಬಿಲ್ಲೂ ದುರಸ್ತಿಯ ವೆಚ್ಚವೂ ಬೋಧಕನ ಸಂಬಳವೂ ಆ ವರ್ಷಕ್ಕೆ ನಿಲ್ಲತಕ್ಕವುಗಳಲ್ಲ.

ನೆರೆಯ ಕೇರಳವು ಹಿಡಿದ ದಾರಿ ಇದಕ್ಕಿಂತ ಭಿನ್ನ. ಅಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಯ ಉಪಾಧ್ಯಾಯರನ್ನೇ ತರಬೇತುಗೊಳಿಸಿತು. ಸ್ವತಂತ್ರ ತಂತ್ರಾಂಶವನ್ನು ಅಂಗೀಕರಿಸಿ ಪರವಾನಗಿಯ ಖರ್ಚನ್ನು ಉಳಿಸಿತು. ಆ ವಿದ್ಯೆಯನ್ನು ಪರೀಕ್ಷೆಯ ವಿಷಯವನ್ನಾಗಿಯೂ ಮಾಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಬಾಲಕರಿಗೆ ಈ ವಿಷಯದ ಪಠ್ಯಪುಸ್ತಕವು ಕನ್ನಡದಲ್ಲಿಯೇ ದೊರೆಯುತ್ತಿದೆ. ಗುತ್ತಿಗೆದಾರನು ಹೋದರೂ ಉಪಾಧ್ಯಾಯನು ಉಳಿಯುತ್ತಾನೆ. ವಿದ್ಯೆಯು ನಿಲ್ಲುವುದು ಅವನಲ್ಲಿ.

ಸೋರುವ ಮಾಡನ್ನು ದುರಸ್ತಿ ಮಾಡದೆ ಗಣಕದ ಮಾತೇಕೆ ಎಂದು ಕೆಲವರು ಕೇಳಬಹುದು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಮಾಡಿಗೂ ಯಂತ್ರಕ್ಕೂ ಹೊಸ ತೆರಿಗೆಯನ್ನು ಹಾಕಿರೆಂದು ನಾವು ಹೇಳುತ್ತಿಲ್ಲ. ಜನರು ಈಗಾಗಲೇ ತೆತ್ತ ಹಣವನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸಿರೆಂದಷ್ಟೇ ಕೇಳುತ್ತೇವೆ.

ಅಧಿಕಾರಿವರ್ಗದವರು ಮಾಡಬೇಕಾದುದು ಕಷ್ಟಸಾಧ್ಯವಾದುದಲ್ಲ. ಗ್ರಂಥಾಲಯ ಕರವನ್ನು ಪ್ರತ್ಯೇಕ ಖಾತೆಯಲ್ಲಿರಿಸಿ ತಿಂಗಳು ತಿಂಗಳಿಗೆ ಒಪ್ಪಿಸಲಿ. ಹಳೆಯ ಬಾಕಿಯಲ್ಲಿ ತಮ್ಮ ಪಾಲಿಷ್ಟೆಂದು ಐದು ಪಾಲಿಕೆಗಳೂ ಬಹಿರಂಗವಾಗಿ ಪ್ರಕಟಿಸಲಿ. ಬಂದ ಹಣದಲ್ಲಿ ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಕಡೆಗಳ ಶಾಖೆಗಳಿಗೆ ಯಂತ್ರಗಳ ಜೊತೆಗೆ, ಕನ್ನಡದಲ್ಲಿ ಕಲಿಸಬಲ್ಲ ಒಬ್ಬ ಖಾಯಂ ಬೋಧಕನನ್ನೂ ನೇಮಿಸಲಿ. ಸಮೀಪದ ಸರ್ಕಾರಿ ಶಾಲೆಯ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿ. ಪುರಜನರೂ ತಮ್ಮ ರಸೀದಿಯನ್ನು ಒಮ್ಮೆ ತೆಗೆದು ನೋಡಿ, ತಮ್ಮ ಆರು ಪೈಸೆ ಎಲ್ಲಿ ಹೋಯಿತೆಂದು ಕೇಳಲಿ. ಕೇಳುವವರಿದ್ದಲ್ಲಿ ಮಾತ್ರ ಲೆಕ್ಕವು ಸರಿಯಾಗಿರುತ್ತದೆ.