ಒರಗಿ ತುಳಿದರೆ ಅದು ಸೈಕಲ್ ಅಲ್ಲವೇ?



ಹೋದ ಸಲದ ಕ್ರೀಡಾಕೂಟದ ಸೈಕಲ್ ರೇಸ್ ನಿಮಗೆ ನೆನಪಿರಬಹುದು. ಅವತ್ತು ಎದುರುಗಾಳಿ ಜೋರಾಗಿತ್ತು. ಎಲ್ಲರೂ ಎದ್ದು ನಿಂತು ತುಳಿದರು. ನಾನು ಮಾತ್ರ ಹ್ಯಾಂಡಲ್ ಮೇಲೆ ಬಗ್ಗಿಕೊಂಡು ತುಳಿದು ಎರಡನೆಯವನಾಗಿ ಬಂದೆ. "ಕಪ್ಪೆ ಥರ ಕೂತು ತುಳಿಯೋದು ಮೋಸ ಕಣೋ" ಅಂತ ಕೆಲವರು ಜಗಳ ತೆಗೆದರು. ನಂಗೆ ತುಂಬಾ ಬೇಜಾರಾಯ್ತು. ಅದಕ್ಕೇ ಈ ಲೇಖನ.

ಇಂಥ ಜಗಳ ಹೊಸದಲ್ಲ. ಫ್ರಾನ್ಸ್ ದೇಶದಲ್ಲಿ ಶಾರ್ಲ್ ಮೋಶೆ ಎಂಬುವರು ಒರಗಿ ಕೂತು ತುಳಿಯುವ ಸೈಕಲ್ ಮಾಡಿದ್ದರು. ಇದಕ್ಕೆ ರಿಕಂಬೆಂಟ್ ಸೈಕಲ್ ಎನ್ನುತ್ತಾರೆ. ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಬೆನ್ನು ಹಿಂದಕ್ಕೆ, ಕಾಲು ಮುಂದಕ್ಕೆ ಇರುತ್ತವೆ. ಪೆಡಲ್ಲೂ ಮುಂದೆಯೇ. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಎಂಬುವರು ಪ್ಯಾರಿಸ್ಸಿನಲ್ಲಿ ಇದನ್ನು ತುಳಿದು ಒಂದು ಗಂಟೆಗೆ 45.055 ಕಿ.ಮೀ. ಹೋದರು. 1914ರಿಂದ ಉಳಿದಿದ್ದ 44.247 ಕಿ.ಮೀ. ದಾಖಲೆಯನ್ನು ದಾಟಿದರು. ಆದರೆ 1934ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ "ರೇಸಿನ ಸೈಕಲ್ ಹೀಗೇ ಇರಬೇಕು" ಅಂತ ಹೊಸ ನಿಯಮ ಮಾಡಿ ಇದನ್ನು ಹೊರಗಿಟ್ಟಿತು.

"ಮಲಗಿಕೊಂಡು ಹೋಗೋದು ಸುಲಭ ಅಲ್ವಾ?" ಅಂತ ನೀವು ಕೇಳಬಹುದು. ಗಾಳಿಯ ವಿಷಯದಲ್ಲಿ ಅದು ನಿಜ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಒರಗಿದವನ ಎದೆ ಗಾಳಿಗೆ ಎದುರಾಗಿ ನಿಲ್ಲುವುದಿಲ್ಲ. ಆದರೆ ಜೋರಾಗಿ ಓಡಿಸಬೇಕಾದಾಗ ಒಂದು ದೊಡ್ಡ ಕಷ್ಟವಿದೆ. ಪೆಡಲ್ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ! ಮೈಭಾರ ಹಾಕಿ ತುಳಿಯುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಬಲ ಎಲ್ಲಿಂದ? ಗೋಡೆಗೆ ಬೆನ್ನು ಕೊಟ್ಟು ಕೂತು ಜೋಳದ ಮೂಟೆಯನ್ನು ಕಾಲಿನಿಂದ ತಳ್ಳಿ ನೋಡಿ, ಗೊತ್ತಾಗುತ್ತದೆ. ಸೀಟಿನ ಒರಗೇ ಆ ಗೋಡೆ. ಸೊಂಟ ಜಾರಿದರೆ ಬಲವೆಲ್ಲ ವ್ಯರ್ಥ. ಆದ್ದರಿಂದ ಪೆಡಲ್ ಅತಿ ದೂರ ಹೋದಾಗಲೂ ಮಂಡಿ ಸ್ವಲ್ಪ ಮಡಚಿರುವ ಹಾಗೆ ಅಳತೆ ಮಾಡಿ ಕೂರಬೇಕು. ತೀರಾ ಹತ್ತಿರವಾದರೆ ಮಂಡಿ ನೋವು, ದೂರವಾದರೆ ಸೊಂಟ ಜಾರುತ್ತದೆ. ಕೈಯಿಂದ ಹ್ಯಾಂಡಲ್ ಜಗ್ಗಬಾರದು, ಜಗ್ಗಿದರೆ ಸೈಕಲ್ ಓಲಾಡುತ್ತದೆ. ಭುಜ, ಕುತ್ತಿಗೆ ಸಡಿಲವಾಗಿರಬೇಕು. ಮೊದಲೇ ಹಗುರ ಗೇರಿಗೆ ಇಳಿದು, ಕಾಲು ಬೇಗ ಬೇಗ ತಿರುಗಿಸಿ, ವೇಗ ಬಂದ ಹಾಗೆ ಒಂದೊಂದೇ ಗೇರು ಏರಿಸಬೇಕು. ಪಾದ ಜಾರಿ ನೆಲಕ್ಕೆ ತಾಗಿದರೆ ಕಾಲು ಸೈಕಲ್ ಅಡಿಗೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಬೂಟನ್ನು ಪೆಡಲ್‌ಗೆ ಸಿಕ್ಕಿಸಿಕೊಂಡಿರುತ್ತಾರೆ.

ಇಷ್ಟೆಲ್ಲ ಕಲಿಯಬೇಕಾದದ್ದು ಮೋಸ ಹೇಗಾಗುತ್ತದೆ? ಇದೂ ಮೈಯ ವಿದ್ಯೆಯೇ. 2016ರಲ್ಲಿ ಕೆನಡಾದ ಟಾಡ್ ರೀಚರ್ಟ್ ಅಮೆರಿಕಾದ ನೆವಾಡಾದಲ್ಲಿ ಸುತ್ತಲೂ ಕವಚವಿದ್ದ ಇಂಥ ಸೈಕಲ್‌ನಲ್ಲಿ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದರು. ಇಂಜಿನ್ ಇಲ್ಲ, ಬರೀ ಕಾಲಿನ ಬಲ! ಅವರೂ ಹಲವು ಕಿಲೋಮೀಟರ್ ದೂರ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಂದಿದ್ದರು.

ನನ್ನ ಅಭಿಪ್ರಾಯ ಇಷ್ಟೇ. ಒರಗು ಸೈಕಲ್‌ಗೂ ಸಾಮಾನ್ಯ ಸೈಕಲ್‌ಗೂ ಬೇರೆ ಬೇರೆ ಸ್ಪರ್ಧೆ ಇಡಲಿ, ಅದು ನ್ಯಾಯ. ಎರಡನ್ನೂ ಒಟ್ಟಿಗೆ ಬಿಟ್ಟರೆ ಗಾಳಿ ಒಬ್ಬರ ಕಡೆ ಸೇರಿಕೊಳ್ಳುತ್ತದೆ, ಒಪ್ಪುತ್ತೇನೆ. ಆದರೆ ಒಬ್ಬ ಗೆದ್ದ ಮೇಲೆ ನಿಯಮ ಬರೆದು "ನಿನ್ನದು ಸೈಕಲ್ಲೇ ಅಲ್ಲ" ಎನ್ನುವುದು ಸರಿಯಲ್ಲ. ನಿಯಮ ಸೀಟಿ ಊದುವ ಮೊದಲು ಇರಬೇಕು.

ಗುರುಗಳಲ್ಲಿ ಒಂದು ವಿನಂತಿ. ಈ ಸಲ ರೇಸಿನ ನಿಯಮಗಳನ್ನು ಒಂದು ವಾರ ಮೊದಲೇ ನೋಟೀಸ್ ಬೋರ್ಡಿಗೆ ಹಾಕಿಸಿ. ಬಗ್ಗಬಾರದು ಅಂತಿದ್ದರೆ ನಾನು ಬಗ್ಗುವುದಿಲ್ಲ. ಇಲ್ಲದಿದ್ದರೆ ಕಪ್ಪೆ ಮತ್ತೆ ಬರುತ್ತದೆ, ನೋಡಿಕೊಳ್ಳಿ!

– 9ನೇ ತರಗತಿಯ ಒಬ್ಬ ವಿದ್ಯಾರ್ಥಿ